ಒಂದು ರಾತ್ರಿಯ ಸಾಲು
(ಬಾನುಲಿ ಭಾಷಣ)



ನಮ್ಮ ರಾಯಚೂರು ಜಿಲ್ಲೆಯಲ್ಲಿ ‘ದಿನ್ನಿ’ ಎಂದು ಮುಗಿಯುವ ಊರುಗಳು ಹಲವಿವೆ. ದಿನ್ನಿ ಎಂದರೆ ದಿಬ್ಬ, ಸುತ್ತಲಿನ ಎರಿ ಹೊಲಕ್ಕಿಂತ ತುಸು ಎತ್ತರದ ನೆಲ. ನಮ್ಮ ವಳಕಮದಿನ್ನಿಯ ಹೆಸರಿನಲ್ಲೂ ಆ ಮಾತಿದೆ. ಸಿಂಧನೂರು, ಲಿಂಗಸೂಗೂರು, ಮಸ್ಕಿ, ಈ ಮೂರರ ಸೀಮೆಯ ಇಂಥ ಯಾವ ಊರಿಗೆ ಹೋದರೂ ಗುಡಿಯ ಪಡಸಾಲೆಯಲ್ಲಿ ರಾತ್ರಿ ಕೂತು ಹಾಡುವ ಐದಾರು ಮಂದಿ ಸಿಗುತ್ತಾರೆ. ಅವರನ್ನು ನಾವು ಭಜನಿ ಮಂದಿ ಅನ್ನುತ್ತೇವೆ. ಈ ಹೊತ್ತು ನಿಮ್ಮ ಮುಂದೆ ಅವರ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ.

ಭಜನೆ ಎಂದರೆ ಭಕ್ತಿ ಎಂದಷ್ಟೇ ತಿಳಿದು ನಾವು ಮುಂದೆ ಹೋಗಿಬಿಡುತ್ತೇವೆ. ಭಕ್ತಿ ಇದ್ದೇ ಇದೆ. ಅದರ ಜೊತೆಗೆ ಒಂದು ಕಲೆಯೂ ಇದೆ. ನಾಲ್ಕು ಗೋಡೆಯ ನಡುವೆ, ಕೈಬೆರಳಲ್ಲಿ ಎಣಿಸುವಷ್ಟು ಕೊರಳುಗಳು ಕೂಡಿ, ಒಂದೇ ವಿಚಾರವನ್ನು ಹಿಡಿದು, ಹಾಡಿನಿಂದ ಹಾಡಿಗೆ ಅದನ್ನು ಬೆಳೆಸುತ್ತ ಬೆಳಕು ಹರಿಸುವ ಕಲೆ ಅದು.

ಮೊದಲು ಅವರು ಕೂಡುವ ರೀತಿ ಹೇಳುತ್ತೇನೆ. ನೆಲಕ್ಕೆ ಒಂದು ಜಮಖಾನ. ಅದರ ಮೇಲೆ ಪೇಟಿ, ಮಗ್ಗುಲಿಗೆ ತಬಲಾ ಇಲ್ಲವೇ ಢೋಲಕ್. ಒಬ್ಬರ ಕೈಯಲ್ಲಿ ದಮ್ಮಡಿ, ಇಬ್ಬರ ಕೈಯಲ್ಲಿ ತಾಳ. ಹಳೆಯ ಮೇಳವಾದರೆ ಏಕತಾರಿ ಹಿಡಿದವರೂ ಒಬ್ಬರು. ಎಲ್ಲರೂ ದುಂಡಗೆ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂಡುತ್ತಾರೆ. ಕೇಳಬಂದವರು ಕಂಬಕ್ಕೆ ಒರಗಿಯೋ ಕಟ್ಟೆಗೆ ಆತುಕೊಂಡೋ ಕೂತಿರುತ್ತಾರೆ. ಹಾಡುವವರು ಅವರ ಕಡೆ ತಿರುಗಿರುವುದಿಲ್ಲ. ಮುಂದಾಳು ಪಲ್ಲವಿ ಎತ್ತಿ ಬಿಟ್ಟ ಕೂಡಲೇ ಉಳಿದವರು ಹಿಡಿಯಬೇಕು. ಎಲ್ಲಿ ಎಳೆಯುತ್ತಾನೆ, ಎಲ್ಲಿ ಕಡಿಯುತ್ತಾನೆ ಎಂಬುದು ಅವನ ಕಣ್ಣಿನಿಂದ, ಪೇಟಿಯ ಮೇಲಿನ ಬೆರಳಿನಿಂದ ಗೊತ್ತಾಗಬೇಕು. ಅದಕ್ಕೇ ದುಂಡಗೆ ಕೂಡುವುದು.

ಹಿಮ್ಮೇಳ ಎಂದರೆ ಹಿಂದಿನವರು, ಹಾಗಾಗಿ ಚಿಕ್ಕವರು ಎಂದು ಬಗೆಯುವವರಿದ್ದಾರೆ. ಕೂತು ಹಾಡಿದವರು ಹಾಗೆ ಎಣಿಸುವುದಿಲ್ಲ. ಮುಂದಾಳು ಒಂದು ನುಡಿ ಮುಗಿಸಿದಾಗ ಹಿಮ್ಮೇಳ ಪಲ್ಲವಿ ಹಿಡಿಯುತ್ತದೆ. ಆ ಬಿಡುವಿನಲ್ಲಿ ಮುಂದಾಳು ಉಸಿರು ತುಂಬಿಕೊಳ್ಳುತ್ತಾನೆ, ಮುಂದಿನ ನುಡಿ ನೆನಪಿಗೆ ತಂದುಕೊಳ್ಳುತ್ತಾನೆ. ಕೇಳುವವನಿಗೂ ಆಗಲೇ ಕೇಳಿದ ನುಡಿ ಒಳಗಿಳಿಯಲು ಜಾಗ ಸಿಗುತ್ತದೆ. ಐದು ಸಲ ಬಂದ ಪಲ್ಲವಿ ಐದು ಸಲವೂ ಅದೇ ಮಾತು. ಆದರೆ ಪ್ರತಿ ನುಡಿ ಅದಕ್ಕೆ ಒಂದಿಷ್ಟು ತೂಕ ಕೂಡಿಸಿರುತ್ತದೆ. ಆ ತೂಕ ಹೊರುವವರು ಹಿಮ್ಮೇಳದವರು.

ಪೇಟಿಯ ಮಾತು ಬಂತು. ಈ ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲೆಕ್ಸಾಂಡ್ರ್ ದೆಬೆನ್ ಎಂಬಾತ 1842ರಲ್ಲಿ ಅದರ ಪೇಟೆಂಟ್ ಪಡೆದ. ಕಾಲಿನಿಂದ ಗಾಳಿ ಊದಿಸುವ ಆ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಬದಲಿಸಿದವರು ಕಲಕತ್ತೆಯ ದ್ವಾರಕಾನಾಥ ಘೋಷ್. ಅದರಲ್ಲಿ ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರಲು ಆಗದು, ಶ್ರುತಿಯ ಸೂಕ್ಷ್ಮ ಸಿಗದು ಎಂಬ ಕಾರಣಕ್ಕೆ 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಅದಕ್ಕೆ ನಿಷೇಧವಿತ್ತು. ಅದು ಸಡಿಲವಾದದ್ದು 1971ರಲ್ಲಿ. ಸಂಗೀತದ ದೃಷ್ಟಿಯಿಂದ ಆ ಆಕ್ಷೇಪಗಳಲ್ಲಿ ಹುರುಳಿತ್ತು. ಆದರೆ ಭಜನಿ ಮಂದಿಗೆ ಪೇಟಿಯಿಂದ ಬೇಕಾದದ್ದು ಬೇರೆ. ಹಗಲೆಲ್ಲ ಹೊಲದಲ್ಲಿ ದನಿಯೆತ್ತಿ ಎತ್ತು ಹೊಡೆದ ಕೊರಳು ಒಂದು, ಸಂತೆಯಲ್ಲಿ ಕೂಗಿ ಒಡೆದ ಕೊರಳು ಒಂದು, ಈಗಷ್ಟೇ ಗಡಸಾಗುತ್ತಿರುವ ಹುಡುಗನ ಕೊರಳು ಇನ್ನೊಂದು. ಇವೆಲ್ಲ ಒಂದೇ ಸುರಕ್ಕೆ ಬಂದು ನಿಲ್ಲಲು ಗಟ್ಟಿ ಗೂಟ ಬೇಕು. ‘ಬಿಳಿ ನಾಲ್ಕು ಹಿಡಿ’ ಎಂದರೆ ಸಾಕು, ಎಲ್ಲರೂ ಅಲ್ಲಿಗೆ ಬಂದು ಸೇರುತ್ತಾರೆ.

ಇಷ್ಟು ಕೂಡಿ ಹಾಡುವ ಮಾತಾಯಿತು. ಇನ್ನು ಸಾಲಿನ ಮಾತು. ಯಾವ ಪದದ ಹಿಂದೆ ಯಾವ ಪದ ಬರಬೇಕು ಎಂಬುದು. ಇದನ್ನು ನಾನು ಕಲಿತದ್ದು ಒಂದು ಸಾವಿನ ಮನೆಯಲ್ಲಿ.

ನಮ್ಮ ಕಡೆ ಸಾವಾದರೆ ದೂರದ ಬಳಗ ಬಂದು ಮುಟ್ಟುವತನಕ ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ರಾತ್ರಿಯಿಡೀ ಅದರ ಮುಂದೆ ಭಜನೆ ನಡೆಯುತ್ತದೆ. ಆಗ ನಾನು ಮೀಸೆ ಮೂಡುವ ಹುಡುಗ, ತಾಳ ಹಾಕುತ್ತಿದ್ದೆ. ನಾಲ್ಕು ತತ್ವಪದ ಚೆನ್ನಾಗಿ ಬರುತ್ತವೆ ಎಂಬ ಹುಮ್ಮಸ್ಸು ಬೇರೆ. ಆ ಮನೆಯಲ್ಲಿ ತೀರಿಕೊಂಡಾತ ವಯಸ್ಸಿನವನು. ನಡುರಾತ್ರಿ ಒಂದು ಪದ ಮುಗಿದು ಮುಂದಾಳು ನೀರು ಕುಡಿಯುವಷ್ಟರಲ್ಲಿ ನಾನು ಒಂದು ಪದ ಎತ್ತಿದೆ. ದೇಹ ಮಣ್ಣಾಗುವ ಮಾತಿನ ಪದ. ಸಾವಿನ ಮನೆಗೆ ಹೊಂದುತ್ತದೆ ಎಂದೇ ಎತ್ತಿದ್ದೆ. ಪಲ್ಲವಿ ಹೇಳಿ ಬಿಟ್ಟೆ. ಯಾರೂ ಹಿಡಿಯಲಿಲ್ಲ. ದಮ್ಮಡಿ ನಿಂತಿತು. ಪೇಟಿಯ ಸುರ ಒಂದೇ ಉಳಿಯಿತು. ಮುಂದಾಳಾಗಿದ್ದ ಅಜ್ಜ ನನ್ನ ಕಡೆ ಬಾಗಿ ಕಿವಿಯಲ್ಲಿ ಹೇಳಿದ: “ಆಕಿ ಇನ್ನಾ ಅತ್ತಿಲ್ಲ ತಮ್ಮಾ. ಆಕಿ ಅಳಾ ತನಕ ಮೈಯಿನ ಪದ ಎತ್ತಬ್ಯಾಡ.”

ನಾನು ತಲೆಯೆತ್ತಿ ನೋಡಿದೆ. ಬಾಗಿಲ ಬದಿಗೆ ಆತನ ಹೆಂಡತಿ ಕೂತಿದ್ದಳು. ಕಣ್ಣು ಒಣಗಿದ್ದವು. ನಾಲ್ಕು ತಾಸಿನಿಂದ ನಾನು ಆ ಕಡೆ ನೋಡಿಯೇ ಇರಲಿಲ್ಲ. ಅಜ್ಜ ನೋಡುತ್ತಿದ್ದ. ಆತ ಗುರುವಿನ ಪದ ಹಾಡಿದ. ಬೆನ್ನಿಗೆ ಸಂಸಾರದ ಪದ, ಗಂಡ ಹೆಂಡತಿ ಕೂಡಿ ಬಾಳ ಬಂಡಿ ಎಳೆಯುವ ಮಾತಿನದು. ಅದರ ಮೂರನೆಯ ನುಡಿಗೆ ಆ ತಾಯಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಗಟ್ಟಿಯಾಗಿ ಅತ್ತಳು. ಹೆಂಗಸರೆಲ್ಲ ಆಕೆಯನ್ನು ಸುತ್ತಿಕೊಂಡರು. ಹಾಡು ನಿಲ್ಲಲಿಲ್ಲ, ದನಿ ಮಾತ್ರ ಸಣ್ಣದಾಯಿತು. ಆಕೆಯ ಅಳು ತಣಿದ ಮೇಲೆ, ಬೆಳಗಿನ ಜಾವಕ್ಕೆ, ಅಜ್ಜ ನನ್ನ ಮೊಣಕೈ ತಟ್ಟಿದ. ಈಗ ಎತ್ತು ಎಂದು. ಅದೇ ಪದ ಎತ್ತಿದೆ. ಎಲ್ಲರೂ ಹಿಡಿದರು.

ಪದ ಬದಲಾಗಿರಲಿಲ್ಲ, ಧಾಟಿ ಬದಲಾಗಿರಲಿಲ್ಲ. ಅದರ ಜಾಗ ಬದಲಾಗಿತ್ತು. ಆ ರಾತ್ರಿಯ ನಂತರ ನಾನು ಭಜನೆಯನ್ನು ಬೇರೆ ಕಿವಿಯಿಂದ ಕೇಳತೊಡಗಿದೆ.

ಸಾಮಾನ್ಯ ದಿನಗಳ ಭಜನೆಗೂ ಸಾಲಿದೆ. ಶ್ರಾವಣದ ಒಂದು ರಾತ್ರಿ ತೆಗೆದುಕೊಳ್ಳಿ. ಗಣಪತಿಯ ಸ್ತುತಿಯಿಂದ ಶುರು, ಅದರ ಹಿಂದೆ ಗುರುಸ್ತುತಿ. ಊಟ ಮುಗಿಸಿ ಬಂದ ಮಂದಿಗೆ, ಕೂತಲ್ಲೇ ಆಡುವ ಮಕ್ಕಳಿಗೆ, ಎಲ್ಲರಿಗೂ ತಿಳಿಯುವ ದೇವರ ಪದ ಮೊದಲು. ಮಕ್ಕಳು ಮಲಗಿ, ಗದ್ದಲ ಇಳಿದು, ಉಳಿಯುವವರು ಮಾತ್ರ ಉಳಿದಾಗ ತತ್ವಪದ. ಕಡಕೋಳದ ಮಡಿವಾಳಪ್ಪನವರು, ಅವರ ಪರಂಪರೆಯ ಚೆನ್ನೂರ ಜಲಾಲಸಾಹೇಬರು, ಶಿಶುನಾಳದ ಷರೀಫರು, ಎಲ್ಲರೂ ಆ ನಡುರಾತ್ರಿಯವರು. ಹಾಡಿನೊಳಗಿನ ಒಡಪು ಬಿಡಿಸಿಕೊಳ್ಳಲು ಕತ್ತಲು ಬೇಕು, ಬಿಡುವು ಬೇಕು. ಕೋಳಿ ಕೂಗುವ ಹೊತ್ತಿಗೆ ಭೂಪಾಳಿ, ಆಮೇಲೆ ಮಂಗಳಾರತಿ. ನಡುರಾತ್ರಿಯ ಪದವನ್ನು ಸಂಜೆಗೆ ಹಾಡಿದರೆ ಕಟ್ಟಳೆ ಮುರಿಯಿತೆಂದು ಯಾರೂ ಬೈಯುವುದಿಲ್ಲ. ಆದರೆ ಅದು ನಾಟುವುದಿಲ್ಲ.

ಹೆಂಗಸರ ಸೋಬಾನೆಯಲ್ಲೂ ಇದೇ ಜಾಣತನ. ಎರಡು ಗುಂಪಾಗಿ ಕೂಡುತ್ತಾರೆ. ಒಂದು ಗುಂಪು ಎತ್ತಿದ್ದನ್ನು ಇನ್ನೊಂದು ತಿರುಗಿ ಹೇಳುತ್ತದೆ. ವಾದ್ಯದ ಹಂಗಿಲ್ಲ. ಅರಿಷಿಣಕ್ಕೆ ಒಂದು ಹಾಡು, ಸುರಗಿ ನೀರಿಗೆ ಒಂದು, ಬೀಗರ ಮುಂದೆ ಒಂದು. ಕೊನೆಗೆ ಮಗಳನ್ನು ಒಪ್ಪಿಸಿ ಕೊಡುವ ಹಾಡು. ಮದುವೆಯೇ ಅವರ ಹಾಡಿನ ವಸ್ತು, ಮದುವೆಯ ಒಂದೊಂದು ಕೆಲಸವೇ ಅದರ ಸಾಲು. ಒಪ್ಪಿಸುವ ಹಾಡು ಅರಿಷಿಣದ ದಿನವೇ ಯಾರ ಬಾಯಿಂದಲೂ ಬರುವುದಿಲ್ಲ.

ಮುದಗಲ್ಲಿನ ಮೊಹರಂ ಹೆಸರು ನೀವು ಕೇಳಿರುತ್ತೀರಿ. ಲಿಂಗಸೂಗೂರು ತಾಲೂಕಿನ ಆ ಊರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಅಲಾಯಿ ದೇವರು ಕೂಡುವ ದಿನಗಳಲ್ಲಿ ರಿವಾಯತ್ ಪದ ಹಾಡುತ್ತಾರೆ. ಕ್ರಿಸ್ತಶಕ 680ರಲ್ಲಿ ಕರ್ಬಲಾದ ಬಯಲಿನಲ್ಲಿ ನಡೆದ ಕಥೆ ನಮ್ಮ ಕನ್ನಡದಲ್ಲಿ, ನಮ್ಮ ಧಾಟಿಯಲ್ಲಿ ಹೊರಡುತ್ತದೆ. ಹಾಡುವ ತಂಡದಲ್ಲಿ ಹಿಂದೂಗಳೂ ಇರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ದಿನ ಏರಿದಂತೆ ಕಥೆಯ ದುಃಖವೂ ಏರಿ ಹತ್ತನೆಯ ದಿನಕ್ಕೆ ತುದಿ ಮುಟ್ಟುತ್ತದೆ. ಹತ್ತು ದಿನಗಳ ಒಂದೇ ಹಾಡು ಎನ್ನಬಹುದು ಅದನ್ನು.

ಸಾಲು ಕಟ್ಟುವ ಈ ಬುದ್ಧಿ ಓದುಬರಹವಿಲ್ಲದ ಮಂದಿಗೆ ತಾನಾಗಿ ಒದಗಿದ್ದು ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಇದರ ಹಿಂದೆ ದೊಡ್ಡವರ ಕೆಲಸವಿದೆ. ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗೆ ಚೀಕಲಪರವಿ ಎಂಬ ಊರಿದೆ. ವಿಜಯದಾಸರ ಊರು. 1755ರಲ್ಲಿ ತೀರಿಕೊಂಡ ಅವರು ಸುಳಾದಿಗಳಿಗೆ ಹೆಸರಾದವರು. ಸುಳಾದಿ ಎಂದರೆ ಬಿಡಿ ಪದವಲ್ಲ, ಹಲವು ಖಂಡಗಳ ಸರ. ಒಂದೊಂದು ಖಂಡಕ್ಕೆ ಒಂದೊಂದು ತಾಳ: ಧ್ರುವ, ಮಟ್ಟ, ತ್ರಿವಿಡಿ, ಅಟ್ಟ, ಆದಿ. ವಿಚಾರ ಒಂದೇ, ನಡಿಗೆ ಮಾತ್ರ ಬದಲಾಗುತ್ತ ಹೋಗುತ್ತದೆ. ಕೊನೆಗೆ ‘ಜತೆ’ ಎಂಬ ಚಿಕ್ಕ ಭಾಗ ಬಂದು ಇಡೀ ಮಾತನ್ನು ಗಂಟು ಹಾಕುತ್ತದೆ. ಅದೇ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ಒಂದೊಂದು ಸಂಧಿಗೂ ಒಂದೊಂದು ವಿಷಯ ಇಟ್ಟರು. ಮಂಗಳಾಚರಣೆ ಆದಮೇಲೆ ಕರುಣೆ, ಕರುಣೆಯ ಹಿಂದೆ ವ್ಯಾಪ್ತಿ, ಅದರ ಹಿಂದೆ ಭೋಜನ. ಲಿಂಗಸೂಗೂರಿನ ಪ್ರಾಣೇಶದಾಸರು ಇದೇ ದಾಸಕೂಟದವರು. ಇಂಥವರು ಓಡಾಡಿದ ನೆಲದಲ್ಲಿ ಹಾಡನ್ನು ಹಾಡಿಗೆ ಹೆಣೆಯುವ ಕಸುಬು ಉಳಿದದ್ದರಲ್ಲಿ ಅಚ್ಚರಿಯಿಲ್ಲ.

ಹೊರಗಿನವರೂ ಇದನ್ನು ಕಂಡುಕೊಂಡಿದ್ದಾರೆ. ವಿಯೆನ್ನಾದ ಸಂಗೀತ ರಚನಕಾರ ಶೂಬರ್ಟ್ 1827ರಲ್ಲಿ ಚಳಿಗಾಲದ ಪಯಣದ ಮೇಲೆ 24 ಹಾಡುಗಳನ್ನು ಸಾಲಾಗಿ ಕಟ್ಟಿದ. ಪ್ರೀತಿ ಮುರಿದ ಒಬ್ಬ ಊರು ಬಿಟ್ಟು ಹಿಮದಲ್ಲಿ ನಡೆಯುತ್ತ ಹೋಗುವ ಕಥೆ ಅದು. ಶೂಬರ್ಟನ ಹಾಡುಗಳು ಗೆಳೆಯರ ಮನೆಯ ಪಡಸಾಲೆಗಳಲ್ಲಿ, ಪಿಯಾನೊ ಸುತ್ತ ಕೂತವರ ನಡುವೆ ಬೆಳೆದವು. ಮುಂದೆ ಅಂಥ ಹಾಡುಗಳು ದೊಡ್ಡ ಸಭಾಂಗಣ ಸೇರಿ, ಒಬ್ಬ ಗಾಯಕ ನಿಂತು ಹಾಡುವ ಕಛೇರಿಗಳಾದವು. 1976ರಲ್ಲಿ ಲಂಡನ್ನಿನ ಪಿಯಾನೊ ವಾದಕ ಗ್ರಹಾಂ ಜಾನ್ಸನ್ ನಾಲ್ವರು ಗಾಯಕರನ್ನು ಕೂಡಿಸಿ ‘ಸಾಂಗ್‌ಮೇಕರ್ಸ್ ಆಲ್ಮನಾಕ್’ ಎಂಬ ಮೇಳ ಕಟ್ಟಿದರು. ಒಂದು ಸಂಜೆಗೆ ಒಂದು ವಿಷಯ, ಆ ವಿಷಯಕ್ಕೆ ಒಪ್ಪುವ ಬೇರೆ ಬೇರೆ ಕವಿಗಳ ಹಾಡು, ನಡುನಡುವೆ ಮಾತು. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಹಾಡಿಗೆ ನೆರೆಮನೆ ಬೇಕು ಎಂಬುದು ಮಾತ್ರ ಅವರಿಗೂ ತಿಳಿಯಿತು, ನಮಗೂ ತಿಳಿದಿತ್ತು.

ನಮ್ಮ ನಾಡಿನ ಭಾವಗೀತೆಯ ಹಾದಿಯಲ್ಲೂ ಕೂಡಿ ಹಾಡಿದವರಿದ್ದಾರೆ. ಪಿ. ಕಾಳಿಂಗರಾಯರು ಸೋಹನಕುಮಾರಿ, ಮೋಹನಕುಮಾರಿಯರ ಜೊತೆಗೂಡಿ ಊರೂರಿಗೆ ಕವಿತೆ ಮುಟ್ಟಿಸಿದರು. ಮೂರೇ ಕೊರಳು, ಆದರೆ ಕೇಳಿದವರು ಇಂದಿಗೂ ಮರೆತಿಲ್ಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದಮೇಲೆ ಕವಿತೆ ಮನೆಮನೆಗೆ ಬಂತು. ನಮ್ಮ ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಳಿಗೆ ಕೊರಳು ಕೊಟ್ಟರು. ರಾಯಚೂರಿನ ರಂಗಮಂದಿರ ಅವರ ಹೆಸರು ಹೊತ್ತಿದೆ. ನೋಡಿ, ಅವರ ಊರೂ ಒಂದು ದಿನ್ನಿಯೇ. ಇವರೆಲ್ಲರ ಉಪಕಾರ ದೊಡ್ಡದು. ಧ್ವನಿಸುರುಳಿ, ಆಮೇಲೆ ಮೊಬೈಲು, ಪದಗಳನ್ನು ಉಳಿಸಿದವು. ಆದರೆ ಮೊಬೈಲಿನಲ್ಲಿ ಬಂದ ಪದ ಒಂಟಿಯಾಗಿ ಬರುತ್ತದೆ. ಅದರ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಬಾಗಿಲ ಬದಿಗೆ ಯಾರು ಕೂತಿದ್ದಾರೆ ಎಂಬುದೂ ಅದಕ್ಕೆ ಗೊತ್ತಿಲ್ಲ.

ಹಳ್ಳಿಯ ರಾತ್ರಿಯೂ ಬದಲಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ಉಣ್ಣಲು ಅನ್ನ ಬಂತು, ಕೈಗೆ ಕಾಸು ಬಂತು. ಅದಕ್ಕೆ ನಾವು ಋಣಿಗಳು. ಆದರೆ ಭತ್ತಕ್ಕೆ ರಾತ್ರಿಯೂ ನೀರು ಕಾಯಬೇಕು. ನೀರು ಮುಟ್ಟದ ಊರುಗಳ ಮಂದಿ ಸುಗ್ಗಿ ಮುಗಿದದ್ದೇ ಗುಳೆ ಹೊರಡುತ್ತಾರೆ. ಭಜನೆಗೆ ಐವರು ಬೇಕು ಎನ್ನುವಾಗ ಒಬ್ಬ ಗದ್ದೆಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಉಳಿದಿಬ್ಬರು ಮೈಕು ತರಿಸುತ್ತಾರೆ. ಮೈಕು ಬಂದ ಮೇಲೆ ದುಂಡಗೆ ಕೂಡುವುದು ತಪ್ಪಿತು. ಎಲ್ಲರೂ ಸಾಲಾಗಿ ಹೊರಗೆ ಮುಖ ಮಾಡಿ ಕೂತರು. ಮುಂದಾಳಿನ ಕಣ್ಣು ಹಿಮ್ಮೇಳಕ್ಕೆ ಕಾಣದು, ಹಿಮ್ಮೇಳದ ದನಿ ಮುಂದಾಳಿಗೆ ಕೇಳದು. ಇಡೀ ಊರಿಗೆ ಹಾಡು ಮುಟ್ಟಿತು, ಪಕ್ಕದವನಿಗೆ ಮುಟ್ಟಲಿಲ್ಲ.

ಮಸ್ಕಿಯ ಶಾಸನದ ಬಂಡೆಯನ್ನು ನೋಡದವರು ನಮ್ಮ ಕಡೆ ಕಡಿಮೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಆ ಶಾಸನ ಕಂಡ. ದೇವಾನಾಂಪ್ರಿಯ ಎಂಬಾತ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಚಿಕ್ಕವರಿಗೂ ದೊಡ್ಡವರಿಗೂ ಈ ಮಾತು ಹೇಳಬೇಕು ಎಂದು ಆ ಶಾಸನ ಸಾರುತ್ತದೆ. ಅಂದರೆ ಅದು ಗಟ್ಟಿಯಾಗಿ ಓದಿ ಹೇಳಬೇಕಾದ ಮಾತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಅಕ್ಷರ ಉಳಿದಿವೆ. ಹೇಳಿದವರ ದನಿ, ಕೇಳಿದವರು ಕೂತ ರೀತಿ ಉಳಿಯಲಿಲ್ಲ. ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಭಜನೆಯ ವಹಿ ನೆನಪಾಗುತ್ತದೆ.

ಸಾವಿನ ಮನೆಯಲ್ಲಿ ನನಗೆ ಕಿವಿಮಾತು ಹೇಳಿದ ಆ ಅಜ್ಜನ ಹತ್ತಿರ ಒಂದು ವಹಿ ಇತ್ತು. ಅಂಚು ಹರಿದದ್ದು, ಎಣ್ಣೆಯ ಕೈಮುಟ್ಟಿ ಕಂದಿದ್ದು. ಆತ ಕಾಲವಾದ ರಾತ್ರಿ ನಾವೆಲ್ಲ ಆತನ ಮುಂದೆಯೇ ಭಜನೆಗೆ ಕೂತೆವು. ವಹಿ ನಮ್ಮ ನಡುವೆ ಇತ್ತು. ಪದಗಳೆಲ್ಲ ಅದರಲ್ಲಿದ್ದವು, ಅಂಕಿತ ತಪ್ಪದೆ, ನುಡಿ ಬಿಡದೆ ಬರೆದದ್ದು. ಗುರುಸ್ತುತಿ ಮುಗಿಯಿತು. ಆಮೇಲೆ ಯಾವುದು? ಒಬ್ಬರ ಮುಖ ಒಬ್ಬರು ನೋಡಿದೆವು. ವಹಿಯಲ್ಲಿ ಅದು ಇರಲಿಲ್ಲ. ಯಾವ ಪದ ಯಾವ ಹೊತ್ತಿಗೆ, ಯಾರ ಮುಂದೆ, ಯಾವುದರ ಹಿಂದೆ ಎಂಬುದನ್ನು ಆತ ಎಂದೂ ಬರೆದಿರಲಿಲ್ಲ. ನಾವೂ ಎಂದೂ ಕೇಳಿರಲಿಲ್ಲ. ಅಂದು ನಾವು ಚೆನ್ನಾಗಿಯೇ ಹಾಡಿದೆವು ಎಂದು ಊರವರು ಅಂದರು. ಸಾಲು ತಪ್ಪಿತ್ತು ಎಂಬುದು ನಮಗೆ ಗೊತ್ತಿತ್ತು.

ತತ್ವಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ವಿದ್ವಾಂಸರು ನಮ್ಮಲ್ಲಿದ್ದಾರೆ. ಸಂಪುಟಗಳು ಬಂದಿವೆ, ಬರುತ್ತಲೂ ಇವೆ. ಅದು ಆಗಲೇಬೇಕಾದ ಕೆಲಸ. ಅದರ ಪಕ್ಕದಲ್ಲಿ ಇನ್ನೊಂದು ಕೆಲಸ ನಮ್ಮಂಥವರ ಪಾಲಿನದು. ಊರಿನ ಹಿರಿಯರು ಕೂತು ಹಾಡುವಾಗ ಪದವನ್ನಷ್ಟೇ ಬರೆದುಕೊಳ್ಳಬೇಡಿ. ಪಕ್ಕದಲ್ಲಿ ಹೊತ್ತು ಬರೆಯಿರಿ. ಹಿಂದೆ ಯಾವ ಪದ ಇತ್ತು, ಮುಂದೆ ಯಾವುದು ಬಂತು, ಬರೆಯಿರಿ. ಏಕೆ ಅದನ್ನೇ ಎತ್ತಿದಿರಿ ಅಜ್ಜಾ, ಏಕೆ ಅದನ್ನೇ ಹಾಡಿದೆ ಅವ್ವಾ ಎಂದು ಮರುದಿನ ಕೇಳಿರಿ. ಮೊಬೈಲಿನಲ್ಲಿ ಹಿಡಿಯುವುದಾದರೆ ಒಂದು ಪದ ಹಿಡಿದು ಏಳಬೇಡಿ, ಒಂದು ರಾತ್ರಿ ಪೂರ್ತಿ ಹಿಡಿಯಿರಿ. ನಡುವಿನ ಕೆಮ್ಮು, ಮಾತು, ಸುಮ್ಮನಿದ್ದ ಹೊತ್ತು ಯಾವುದನ್ನೂ ಕತ್ತರಿಸಬೇಡಿ. ಸಾಲಿನ ಗುಟ್ಟು ಅಲ್ಲೇ ಇರುತ್ತದೆ.

ನಾನು ಈಗ ಅಜ್ಜನ ವಹಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತ ಹೊರಟಿದ್ದೇನೆ. ಸುತ್ತಲಿನ ಊರುಗಳ ಹಿರಿಯರನ್ನು ಕೇಳಿ, ಸಿಕ್ಕಷ್ಟು. ಸಾವಿನ ಮನೆಯ ಆ ಪದದ ಪಕ್ಕ ಬರೆದದ್ದು ಇಷ್ಟೇ: ‘ಮನೆಯಾಕೆ ಅತ್ತಮೇಲೆ.’

ಕೊನೆಯದಾಗಿ ಕಿರಿಯರಿಗೆ ಒಂದು ಮಾತು. ಹಾಡಲು ಬಾರದು ಎಂದು ಹೊರಗಿನ ಕಟ್ಟೆಯ ಮೇಲೆ ಕೂಡಬೇಡಿರಪ್ಪಾ. ನುಡಿ ಬಾರದಿದ್ದರೆ ಬಾರದಿರಲಿ, ಪಲ್ಲವಿ ಎರಡು ಸಲ ಕೇಳಿದರೆ ಬರುತ್ತದೆ. ಒಳಗೆ ಬನ್ನಿ. ಜಮಖಾನದ ಮೇಲೆ ಜಾಗವಿದೆ. ಮುಂದಾಳು ಪದ ಎತ್ತಿ ಬಿಟ್ಟಾಗ ಹಿಡಿಯುವುದಕ್ಕೆ ಒಂದು ದನಿ ಬೇಕಾಗಿದೆ.